ಎಲೆ ಕಲೆಸೋರು ಯಾರು?

2020ರ ಲಾಕ್‌ಡೌನ್ ಹೊತ್ತಿನ ಮಾತು. ಬೆಂಗಳೂರಿನ ಪೀಜಿ ಖಾಲಿ ಮಾಡಿ, ಆಫೀಸಿನ ಲ್ಯಾಪ್‌ಟಾಪ್ ಬೆನ್ನಿಗೇರಿಸಿಕೊಂಡು ತಿಪಟೂರಿನ ಮನೆ ಸೇರಿದ್ದೆ. ಕೆಲಸ ಮುಗಿಯುವಷ್ಟರಲ್ಲಿ ರಾತ್ರಿ ಹತ್ತೂವರೆ. ಆಮೇಲೆ ಒಂದು ಗಂಟೆ ಆಟ. ಎದುರಾಳಿ, ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು. ದಾವಣಗೆರೆಯ ಹುಡುಗ, ಎಂ.ಎಸ್. ಮಾಡಲು ಜರ್ಮನಿಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ನನಗೆ ಹತ್ತೂವರೆ ಅಂದರೆ ಅವನಿಗೆ ಸಂಜೆ ಏಳು.

ಒಂದು ರಾತ್ರಿ ನೀರು ಕುಡಿಯಲು ಎದ್ದ ಅಪ್ಪ ನನ್ನ ಹಿಂದೆ ಬಂದು ನಿಂತರು. ಅಪ್ಪ ಇಸ್ಪೀಟಿನ ಮನುಷ್ಯ. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಜಮಖಾನ ಹಾಸಿ ಕೂರುವ ನಾಲ್ವರಲ್ಲಿ ಅವರೂ ಒಬ್ಬರು. ತೆರೆಯ ಮೇಲಿನ ಎಲೆಗಳನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು, "ಇದ್ರಲ್ಲಿ ಎಲೆ ಕಲೆಸೋರು ಯಾರಪ್ಪಾ?"

"ಕಂಪ್ಯೂಟರೇ ಕಲೆಸುತ್ತೆ ಅಪ್ಪಾ. ಕಣ್ಣು ಮಿಟುಕಿಸೋದ್ರೊಳಗೆ."

"ಹಂಗಾದ್ರೆ ನೀವು ಮಾತಾಡೋದು ಯಾವಾಗ?"

ನಾನು ನಕ್ಕು ಆಟ ಮುಂದುವರಿಸಿದೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತೆ ಅಂತ ಆಗ ಗೊತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಟದ ಕಥೆ ಹೇಳಬೇಕು. ಯಾಕೆಂದರೆ ಈ ಆಟಕ್ಕೆ ನಮ್ಮ ಪ್ರೋಗ್ರಾಮರ್ ಜಾತಿಯವರ ಕೈವಾಡವೂ ಸೇರಿದ ಒಂದು ಒಳ್ಳೆಯ ಚರಿತ್ರೆ ಇದೆ.

ಆಟದ ಹೆಸರು ಡೊಮಿನಿಯನ್. ಈ ಜಾತಿಯ ಆಟಗಳಿಗೆ ಡೆಕ್‌ಬಿಲ್ಡಿಂಗ್ ಅನ್ನುತ್ತಾರೆ. ನಮ್ಮಲ್ಲಿ ಒಂದು ಪ್ಯಾಕ್ ಇಸ್ಪೀಟಿಗೆ 'ಕಟ್ಟು' ಅಂತೀವಲ್ಲ, ಆ ಲೆಕ್ಕದಲ್ಲಿ ಇದು ಕಟ್ಟು ಕಟ್ಟುವ ಆಟ!

ರಮ್ಮಿಯಲ್ಲಾಗಲಿ, ಇಪ್ಪತ್ತೆಂಟರಲ್ಲಾಗಲಿ ಕಟ್ಟು ಎಲ್ಲರಿಗೂ ಸೇರಿದ್ದು. ಆಟ ಮುಗಿದರೆ ಎಲೆಗಳೆಲ್ಲ ಮತ್ತೆ ಒಂದೇ ರಾಶಿ. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 1993ರಲ್ಲಿ ಬಂದ 'ಮ್ಯಾಜಿಕ್: ದ ಗ್ಯಾದರಿಂಗ್'. ಅದನ್ನು ರೂಪಿಸಿದವನು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ. ಓದಿದ್ದು ಕಾಂಬಿನೆಟೋರಿಕ್ಸ್, ಅಂದರೆ ವಿಕಲ್ಪಗಳನ್ನು ಎಣಿಸುವ ಶಾಸ್ತ್ರ. ಅವನ ಆಟದಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಕಟ್ಟು. ಅಂಗಡಿಯಲ್ಲಿ ಒಳಗೇನಿದೆ ಅಂತ ಕಾಣದ ಪೊಟ್ಟಣಗಳನ್ನು ಕೊಳ್ಳಬೇಕು. ಸಿಕ್ಕ ಎಲೆಗಳಲ್ಲಿ ಒಳ್ಳೆಯದನ್ನು ಆರಿಸಿ ಮನೆಯಲ್ಲೇ ಕಟ್ಟನ್ನು ಹೊಂದಿಸಿಕೊಂಡು ಆಡಲು ಬರಬೇಕು. ಅರ್ಧ ಆಟ ಮೇಜಿಗೆ ಬರುವ ಮೊದಲೇ ಮುಗಿದಿರುತ್ತದೆ.

ಅದ್ಭುತ ಕಲ್ಪನೆ, ಅನುಮಾನವೇ ಇಲ್ಲ. ಆದರೆ ಅದರಲ್ಲೇ ಒಂದು ಹುಳುಕೂ ಇತ್ತು. ಅಪರೂಪದ ಎಲೆಗಳಿಗೆ ಬೆಲೆ ಹೆಚ್ಚು, ಜೇಬು ದೊಡ್ಡದಿದ್ದವನ ಕಟ್ಟು ಗಟ್ಟಿ. 2002ರಲ್ಲಿ ಈ ಆಟ ಇಂಟರ್‌ನೆಟ್ಟಿಗೆ ಬಂದಾಗಲೂ ಈ ವ್ಯವಹಾರ ಬದಲಾಗಲಿಲ್ಲ. ಕಾಗದವೇ ಇಲ್ಲದ ಎಲೆಗಳನ್ನೂ ಜನ ದುಡ್ಡು ಕೊಟ್ಟೇ ಕೊಂಡರು.

ಇದಕ್ಕೆ ಮದ್ದು ಹುಡುಕಿದವನು ಅದೇ ಮ್ಯಾಜಿಕ್ಕಿನ ಹುಚ್ಚು ಹಿಡಿಸಿಕೊಂಡಿದ್ದ ಡೊನಾಲ್ಡ್ ಎಕ್ಸ್. ವ್ಯಾಕರೀನೊ. 2006ರ ಅಕ್ಟೋಬರಿನಲ್ಲಿ ಅವನು ತನ್ನ ಗೆಳೆಯರ ಗುಂಪಿಗೆಂದು ಒಂದು ಆಟ ಮಾಡಿದ. ಅದರ ಮೂಲ ಉಪಾಯ ಬಹಳ ಸರಳ. ಕಟ್ಟು ಕಟ್ಟುವ ಕೆಲಸವನ್ನು ಮನೆಯಿಂದ ಮೇಜಿಗೆ ತಂದುಬಿಡೋಣ. ಎಲ್ಲರೂ ಒಂದೇ ಥರದ ಬಡಕಲು ಕಟ್ಟಿನಿಂದ ಶುರು ಮಾಡಲಿ, ಎಲ್ಲರೂ ಒಂದೇ ಅಂಗಡಿಯಿಂದ ಕೊಳ್ಳಲಿ, ಕೊಳ್ಳುವುದೂ ಆಟದೊಳಗಿನ ದುಡ್ಡಿನಿಂದಲೇ ಆಗಲಿ. ಪೆಟ್ಟಿಗೆಯನ್ನು ಒಬ್ಬ ಕೊಂಡರೆ ಸಾಕು, ಮೇಜಿಗೆ ಕೂತವರೆಲ್ಲ ಸಮಾನರು. 2008ರಲ್ಲಿ ರಿಯೊ ಗ್ರಾಂಡೆ ಗೇಮ್ಸ್ ಅದನ್ನು 500 ಎಲೆಗಳ ದಪ್ಪ ಪೆಟ್ಟಿಗೆಯಾಗಿ ಹೊರತಂದಿತು. 2009ರಲ್ಲಿ ಅದಕ್ಕೆ ಜರ್ಮನಿಯ 'ಸ್ಪೀಲ್ ದೆಸ್ ಯಾರೆಸ್' ಬಂತು. ವರ್ಷದ ಆಟ ಅಂತ ಆ ಪ್ರಶಸ್ತಿಯ ಅರ್ಥ. ಬೋರ್ಡ್ ಗೇಮುಗಳ ಲೋಕದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ.

ಆಡುವ ರೀತಿ ಎರಡು ಮಾತಿನಲ್ಲಿ ಹೇಳುತ್ತೇನೆ. ಶುರುವಿಗೆ ಪ್ರತಿಯೊಬ್ಬನ ಹತ್ತಿರ ಹತ್ತು ಎಲೆ. ಏಳು ಕಾಪರ್, ಮೂರು ಎಸ್ಟೇಟ್. ಒಂದು ಕಾಪರ್ ಅಂದರೆ ಒಂದು ನಾಣ್ಯ. ಎಸ್ಟೇಟಿಗೆ ಒಂದು ಅಂಕ ಉಂಟು, ಆದರೆ ಆಡುವಾಗ ಅದರಿಂದ ಕಾಸಿನ ಪ್ರಯೋಜನ ಇಲ್ಲ. ಪ್ರತಿ ಸರದಿಗೆ ಐದು ಎಲೆ ಕೈಗೆ ಬರುತ್ತವೆ. ಅದರಲ್ಲಿರುವ ನಾಣ್ಯಗಳಿಂದ ಮೇಜಿನ ಮೇಲಿರುವ ಹೊಸ ಎಲೆ ಕೊಂಡು, ಅದನ್ನೂ ಕೈಯಲ್ಲಿದ್ದವನ್ನೂ ಪಕ್ಕದ ರಾಶಿಗೆ ಹಾಕಬೇಕು. ಕಟ್ಟು ಖಾಲಿಯಾದಾಗ ಆ ರಾಶಿಯನ್ನು ಕಲೆಸಿದರೆ ಅದೇ ನಿಮ್ಮ ಹೊಸ ಕಟ್ಟು. ಹೀಗೆ ತಿರುಗಿ ತಿರುಗಿ ಕಟ್ಟು ಬೆಳೆಯುತ್ತದೆ. ಎಂಟು ನಾಣ್ಯ ಸೇರಿದರೆ ಆರು ಅಂಕದ ಪ್ರಾವಿನ್ಸ್ ಕೊಳ್ಳಬಹುದು. ಪ್ರಾವಿನ್ಸುಗಳು ಮುಗಿದರೆ, ಅಥವಾ ಬೇರೆ ಯಾವುದಾದರೂ ಮೂರು ರಾಶಿ ಖಾಲಿಯಾದರೆ, ಆಟ ಮುಗಿಯಿತು.

ಇದರಲ್ಲಿ ಒಗಟು ಎಲ್ಲಿ ಬಂತು ಅಂತೀರಾ? ಮೊದಲ ಪೆಟ್ಟಿಗೆಯಲ್ಲಿ ಇಪ್ಪತ್ತೈದು ಬಗೆಯ ವಿಶೇಷ ಎಲೆಗಳಿದ್ದವು. ಒಂದು ಆಟಕ್ಕೆ ಅದರಲ್ಲಿ ಹತ್ತನ್ನು ಮಾತ್ರ ಆರಿಸಿ ಮೇಜಿಗಿಡಬೇಕು. ಇಪ್ಪತ್ತೈದರಲ್ಲಿ ಹತ್ತನ್ನು ಆರಿಸುವ ಬಗೆಗಳು ಎಷ್ಟು ಗೊತ್ತಾ? 32,68,760. ಅಂದರೆ ಒಂದೇ ಪೆಟ್ಟಿಗೆಯಲ್ಲಿ ಮೂವತ್ತೆರಡು ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಲೆಕ್ಕಗಳು. ನಿನ್ನೆ ಗೆದ್ದ ಉಪಾಯ ಇವತ್ತು ನಡೆಯಲಿಕ್ಕಿಲ್ಲ, ಯಾಕೆಂದರೆ ಅದಕ್ಕೆ ಬೇಕಾದ ಎಲೆಯೇ ಇವತ್ತು ಮೇಜಿನ ಮೇಲಿಲ್ಲ. ಆಟ ಶುರುವಾಗುವ ಮೊದಲ ಒಂದು ನಿಮಿಷ ಇಬ್ಬರೂ ಸುಮ್ಮನೆ ಕೂತು ಹತ್ತು ಎಲೆಗಳನ್ನು ದಿಟ್ಟಿಸುತ್ತಾರೆ. ನನ್ನ ಪ್ರಕಾರ ಇಡೀ ಆಟದ ಅತ್ಯಂತ ಸೊಗಸಾದ ನಿಮಿಷ ಅದೇ.

ಒಂದು ಉದಾಹರಣೆ ಕೊಡುತ್ತೇನೆ. ಚಾಪೆಲ್ ಅಂತ ಒಂದು ಎಲೆ ಇದೆ, ಬೆಲೆ ಎರಡೇ ನಾಣ್ಯ. ಕೈಯಲ್ಲಿರುವ ನಾಲ್ಕು ಎಲೆಗಳವರೆಗೆ ಶಾಶ್ವತವಾಗಿ ಕಸಕ್ಕೆ ಹಾಕಬಹುದು, ಅದರ ಕೆಲಸ ಅಷ್ಟೇ. ಹೊಸಬರು ಅದನ್ನು ನೋಡಿ ನಗುತ್ತಾರೆ. ದುಡ್ಡು ಕೊಟ್ಟು ಕೊಂಡು ನನ್ನ ಆಸ್ತಿಯನ್ನೇ ಬಿಸಾಡಬೇಕೇ? ನಾನೂ ನಕ್ಕಿದ್ದೆ, ಸತತ ಏಳು ಆಟ ಸೋಲುವವರೆಗೆ. ಲೆಕ್ಕ ಹಾಕಿ ನೋಡಿ. ಐದು ಎಲೆಯಲ್ಲಿ ಎಂಟು ನಾಣ್ಯ ಬರಬೇಕಾದರೆ ಒಂದು ಎಲೆಗೆ ಸರಾಸರಿ 1.6 ಬೀಳಬೇಕು. ಶುರುವಿನ ಕಟ್ಟಿನ ಸರಾಸರಿ ಕೇವಲ 0.7. ಒಳ್ಳೆಯದನ್ನು ಸೇರಿಸುತ್ತಾ ಹೋದರೂ ಸರಾಸರಿ ಏರುತ್ತದೆ, ಕೆಟ್ಟದ್ದನ್ನು ತೆಗೆದರೂ ಏರುತ್ತದೆ. ತೆಗೆಯುವುದೇ ಬೇಗ. ಹತ್ತು ವರ್ಷದ ಹಳೆಯ ಕೋಡಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ :-)

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗಂಟಿದೆ. ಗೆಲ್ಲಬೇಕಾದರೆ ಪ್ರಾವಿನ್ಸ್ ಬೇಕೇ ಬೇಕು. ಆದರೆ ಕೊಂಡ ಪ್ರಾವಿನ್ಸು ನಿಮ್ಮ ಕಟ್ಟಿನೊಳಗೆ ಸೇರಿ ಮತ್ತೆ ಮತ್ತೆ ಕೈಗೆ ಬರುತ್ತದೆ, ಬಂದಾಗಲೆಲ್ಲ ಕೈ ಹೊರೆಯಾಗುತ್ತದೆ. ಗೆಲುವಿನ ಗುರುತೇ ಗೆಲುವಿನ ಓಟಕ್ಕೆ ಅಡ್ಡಗಾಲು. ಆದ್ದರಿಂದ ಕಟ್ಟುವುದನ್ನು ಯಾವಾಗ ನಿಲ್ಲಿಸಿ ಅಂಕ ಬಾಚಲು ಯಾವಾಗ ಶುರು ಮಾಡಬೇಕು ಅನ್ನುವುದೇ ಪ್ರತಿ ಆಟದ ಮುಖ್ಯ ಪ್ರಶ್ನೆ. ಬೇಗ ಶುರು ಮಾಡಿದರೆ ಕಟ್ಟು ಉಸಿರುಗಟ್ಟುತ್ತದೆ, ತಡ ಮಾಡಿದರೆ ಎಂಟು ಪ್ರಾವಿನ್ಸಿನಲ್ಲಿ ಐದು ಎದುರಾಳಿಯ ಪಾಲು.

ಈಗ ಕಂಪ್ಯೂಟರಿನ ವಿಷಯ. ಡೊಮಿನಿಯನ್ನಿನ ದೊಡ್ಡ ತಾಪತ್ರಯ ಅಂದರೆ ಕಲೆಸುವುದು. ಮೊದಲ ಎರಡು ಸರದಿಯಲ್ಲೇ ಹತ್ತು ಎಲೆ ಮುಗಿದು ಕಲೆಸಬೇಕು. ಆಮೇಲೆ ಎರಡು ಮೂರು ಸರದಿಗೊಮ್ಮೆ ಕಲೆಸಬೇಕು. ಕಟ್ಟು ಚುರುಕಾಗಿ ಇಡೀ ಕಟ್ಟನ್ನೇ ಒಂದು ಸರದಿಯಲ್ಲಿ ಎಳೆಯುವ ಮಟ್ಟಕ್ಕೆ ಬಂದರೆ ಪ್ರತಿ ಸಲವೂ ಕಲೆಸಬೇಕು. ಇದರ ಮೇಲೆ, ಆಟ ಶುರುವಾಗುವ ಮೊದಲು ರಾಶಿಗಳನ್ನು ಜೋಡಿಸುವುದು, ಮುಗಿದ ಮೇಲೆ ವಿಂಗಡಿಸಿ ಒಳಗಿಡುವುದು. ಯಂತ್ರಕ್ಕೆ ಒಪ್ಪಿಸಲು ಇದಕ್ಕಿಂತ ತಕ್ಕ ಕೆಲಸ ಯಾವುದಿದೆ?

2010ರಲ್ಲಿ ಒಬ್ಬ ಪ್ರೋಗ್ರಾಮರ್ ತನ್ನ ಖುಷಿಗೆಂದು ಬರೆದ 'ಐಸೊಟ್ರಾಪಿಕ್' ಎಂಬ ತಾಣ ಈ ಕೆಲಸ ಮಾಡಿತು. ಚಿತ್ರವಿಲ್ಲ, ಸಂಗೀತವಿಲ್ಲ, ಬರೀ ಅಕ್ಷರಗಳು. ನೋಡಲು ನಮ್ಮ ಕಾಲೇಜು ಲ್ಯಾಬ್ ರೆಕಾರ್ಡಿನ ಔಟ್‌ಪುಟ್ ಥರ. ಆದರೆ ಉಚಿತ, ಮತ್ತು ಮಿಂಚಿನ ವೇಗ. ಮೇಜಿನ ಮೇಲೆ ಅರ್ಧ ಗಂಟೆ ಹಿಡಿಯುವ ಆಟ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಅಲ್ಲಿ ಆಡಿದ ಆಟಗಳ ಲಾಗ್ ಎಲ್ಲರಿಗೂ ಸಿಗುತ್ತಿತ್ತು. ಅವನ್ನು ಜಾಲಾಡಿ ಅಂಕಿಅಂಶ ಕೊಡುವ 'ಕೌನ್ಸಿಲ್ ರೂಮ್' ಎಂಬ ಇನ್ನೊಂದು ತಾಣವೂ ಹುಟ್ಟಿಕೊಂಡಿತು. ಯಾವ ಎಲೆ ಕೊಂಡವರು ಎಷ್ಟು ಗೆದ್ದರು, ಯಾವ ಜೋಡಿ ಫಲಿಸಿತು, ಎಲ್ಲಕ್ಕೂ ಲೆಕ್ಕ ಸಿಕ್ಕಿತು. ಗೆಳೆಯರ ಗುಂಪಿನಲ್ಲಿ ವರ್ಷಗಟ್ಟಲೆ ಆಡಿ ಕಲಿಯಬೇಕಾದ್ದನ್ನು ಜನ ತಿಂಗಳುಗಳಲ್ಲಿ ಕಲಿತರು.

ಆಮೇಲಿನ ಕಥೆ ನಮ್ಮ ಉದ್ಯಮದವರಿಗೆಲ್ಲ ಪರಿಚಿತವೇ. 2012ರ ಆಗಸ್ಟಿನಲ್ಲಿ ಗೋಕೊ ಎಂಬ ಕಂಪನಿ ಅಧಿಕೃತ ಆವೃತ್ತಿ ತಂದಿತು. ಚಂದದ ಚಿತ್ರಗಳಿದ್ದವು, ವಿಸ್ತರಣೆಗಳಿಗೆ ದುಡ್ಡು ಕೊಡಬೇಕಿತ್ತು. ಬಾಗಿಲು ತೆರೆದ ಕೂಡಲೇ ನುಗ್ಗಿದ ಜನರನ್ನು ಸರ್ವರುಗಳು ತಡೆಯಲಿಲ್ಲ, ಮತ್ತೆ ಬೀಟಾಕ್ಕೆ ಮರಳಬೇಕಾಯಿತು. ಹಳೆಯ ತಾಣದಲ್ಲಿದ್ದ ಸಣ್ಣಪುಟ್ಟ ಅನುಕೂಲಗಳು ಹೊಸದರಲ್ಲಿ ಇಲ್ಲದ್ದರಿಂದ ಅಭಿಮಾನಿಗಳೇ ಬ್ರೌಸರಿಗೆ ಎಕ್ಸ್‌ಟೆನ್ಶನ್ ಬರೆದು ತೇಪೆ ಹಾಕಿಕೊಂಡರು. ಅಧಿಕೃತ ಆವೃತ್ತಿ ಬಂದ ಮೇಲೆ ಅನಧಿಕೃತಕ್ಕೆ ಜಾಗವೆಲ್ಲಿ? 2013ರ ಮಾರ್ಚಿನಲ್ಲಿ ಐಸೊಟ್ರಾಪಿಕ್ ಮುಚ್ಚಿತು. ಗೋಕೊದ ನಂತರ ಆಟ ಮೇಕಿಂಗ್ ಫನ್ ಎಂಬ ಕಂಪನಿಯ ಕೈಗೆ ಹೋಯಿತು, 2017ರ ಜನವರಿಯಿಂದ ಶಫಲ್ ಐಟಿ ಎಂಬ ಡಚ್ ತಂಡದ ಕೈಗೆ. ನಾನು ಮತ್ತು ನನ್ನ ರೂಮ್‌ಮೇಟ್ ಆಡಿದ್ದು ಈ ಕೊನೆಯದರಲ್ಲಿ. ಅಲ್ಲಿ ಮೂಲ ಆಟ ಉಚಿತ, ಉಳಿದ ಎಲೆಗಳಿಗೆ ಚಂದಾ ಕಟ್ಟಬೇಕು. ಇಬ್ಬರಲ್ಲಿ ಒಬ್ಬ ಕಟ್ಟಿದರೂ ನಡೆಯುತ್ತಿತ್ತು. ಅವನು ಕಟ್ಟುತ್ತಿದ್ದ, ನಾನು ಆಡುತ್ತಿದ್ದೆ. ಹಾಸ್ಟೆಲಿನಲ್ಲೂ ಹಾಗೇ ಇತ್ತು, ಬಿಡಿ.

ಇಷ್ಟು ಚರಿತ್ರೆಯಿಂದ ನನಗೆ ಕಂಡ ಮೊದಲ ಪಾಠ. 2008ರ ಪೆಟ್ಟಿಗೆ ಯಾರದೋ ಮನೆಯ ಅಟ್ಟದ ಮೇಲೆ ಇವತ್ತಿಗೂ ಆಡುವ ಸ್ಥಿತಿಯಲ್ಲಿದೆ. ಅದೇ ಆಟದ ಡಿಜಿಟಲ್ ರೂಪ ಒಂಬತ್ತು ವರ್ಷದೊಳಗೆ ಕೈಯಿಂದ ಕೈಗೆ ದಾಟಿತು, ಜನ ಬಹಳ ಪ್ರೀತಿಸಿದ ರೂಪ ಮೂರೇ ವರ್ಷ ಬಾಳಿತು.

ಇನ್ನು ಆಟದ ಒಳಗಿನ ಗುಣದೋಷಗಳು. ಸ್ಪರ್ಧೆಯ ಆಟ ಅಂದಮೇಲೆ ಮೊದಲು ಕೇಳಬೇಕಾದ್ದು ಅದೃಷ್ಟದ ಪಾಲು ಎಷ್ಟು ಅಂತ. ಮೊದಲ ಹತ್ತು ಎಲೆ ಐದೈದಾಗಿ ಎರಡು ಸರದಿಗೆ ಹಂಚಿಹೋಗುತ್ತವೆ. ಸಾಮಾನ್ಯವಾಗಿ ಒಂದರಲ್ಲಿ ನಾಲ್ಕು ನಾಣ್ಯ, ಇನ್ನೊಂದರಲ್ಲಿ ಮೂರು. ಆದರೆ ಮೂರೂ ಎಸ್ಟೇಟ್ ಒಂದೇ ಕಡೆ ಬಿದ್ದರೆ ಒಂದರಲ್ಲಿ ಐದು, ಇನ್ನೊಂದರಲ್ಲಿ ಎರಡು. ಮೂರು ಎಸ್ಟೇಟ್ ಹತ್ತು ಸ್ಥಾನಗಳಲ್ಲಿ ಕೂರುವ ಬಗೆ 120, ಮೂರೂ ಒಂದೇ ಗುಂಪಿಗೆ ಬೀಳುವ ಬಗೆ 20. ಅಂದರೆ ಆರರಲ್ಲಿ ಒಂದು ಸಲ. ಮೇಜಿನ ಮೇಲೆ ಐದು ನಾಣ್ಯದ ವಿಚ್, ಅಂದರೆ ಎದುರಾಳಿಯ ಕಟ್ಟಿಗೆ ಶಾಪದ ಎಲೆ ತುರುಕುವ ಮಾಟಗಾತಿ, ಜೊತೆಗೆ ಎರಡು ನಾಣ್ಯದ ಚಾಪೆಲ್ ಇದ್ದರೆ ಈ ಆರನೇ ಒಂದು ಭಾಗದ ಅದೃಷ್ಟವಂತ ಮೊದಲೆರಡು ಸರದಿಯಲ್ಲೇ ಎರಡನ್ನೂ ಕೊಂಡುಬಿಡುತ್ತಾನೆ. ಇನ್ನೊಬ್ಬ ಬಾಯಿ ಬಿಟ್ಟು ನೋಡಬೇಕು. ಮೊದಲು ಆಡುವವನಿಗೂ ಒಂದು ಹೆಜ್ಜೆ ಮುಂದಿರುವ ಲಾಭ ಇದ್ದೇ ಇದೆ. ಅಂಕ ಸಮವಾದರೆ ಕಡಿಮೆ ಸರದಿ ಆಡಿದವನೇ ಗೆದ್ದ ಅನ್ನುವ ನಿಯಮ ಅದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ, ಪೂರ್ತಿ ಅಲ್ಲ.

ಇಲ್ಲಿ ಡಿಜಿಟಲ್ ರೂಪ ನಿಜವಾಗಿಯೂ ಸಹಾಯಕ್ಕೆ ಬಂತು. ಇಬ್ಬರಿಗೂ ಒಂದೇ ಥರದ ಮೊದಲ ಕೈ ಕೊಡುವ ಆಯ್ಕೆ ಐಸೊಟ್ರಾಪಿಕ್‌ನಲ್ಲೇ ಇತ್ತು. ಆಟ ಬೇಗ ಮುಗಿಯುವುದರಿಂದ ಒಂದೇ ಕೂರಿನಲ್ಲಿ ಐದಾರು ಆಟ ಆಡಬಹುದು. ಒಂದು ಆಟದಲ್ಲಿ ಅದೃಷ್ಟ ಗೆಲ್ಲಬಹುದು, ನೂರು ಆಟದಲ್ಲಿ ಗೆಲ್ಲುವುದು ತಲೆಯೇ.

ಆದರೂ ಸೋತವರು ಸುಮ್ಮನಿರುತ್ತಾರೆಯೇ? "ಈ ಕಂಪ್ಯೂಟರ್ ಸರಿಯಾಗಿ ಕಲೆಸಲ್ಲ ಕಣೋ" ಅನ್ನುವುದು ನನ್ನ ರೂಮ್‌ಮೇಟನ ನಿತ್ಯದ ದೂರು. ನಿಜ ಹೇಳಬೇಕೆಂದರೆ ಸರಿಯಾಗಿ ಕಲೆಸದವರು ಮನುಷ್ಯರು. 52 ಎಲೆಗಳ ಕಟ್ಟನ್ನು ಎರಡು ಭಾಗ ಮಾಡಿ ಬೆರಳಿನಿಂದ ಒಂದರೊಳಗೊಂದು ಸೇರಿಸುವ ಕ್ರಮದಲ್ಲಿ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಬೇಕು ಅಂತ 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು ತೋರಿಸಿದ್ದರು. ಏಳು ಸಲ ಕಲೆಸುವ ತಾಳ್ಮೆ ಯಾರಿಗಿದೆ? ಕಂಪ್ಯೂಟರಿಗೆ ಇದಕ್ಕೆ ಒಂದು ಸೊಗಸಾದ ವಿಧಾನ ಇದೆ. ಫಿಷರ್ ಮತ್ತು ಯೇಟ್ಸ್ 1938ರಲ್ಲಿ ಕಾಗದ ಪೆನ್ಸಿಲ್ಲಿಗೆ ಹೇಳಿದ್ದನ್ನು 1964ರಲ್ಲಿ ಡರ್ಸ್ಟನ್‌ಫೆಲ್ಡ್ ಕಂಪ್ಯೂಟರಿಗೆ ಹೊಂದಿಸಿದ. ಕೊನೆಯ ಎಲೆಯಿಂದ ಶುರು ಮಾಡಿ, ಪ್ರತಿ ಎಲೆಯನ್ನೂ ಅದರ ಜಾಗದಲ್ಲಿ ಅಥವಾ ಅದಕ್ಕಿಂತ ಮುಂಚೆ ಇರುವ ಯಾವುದಾದರೂ ಒಂದರ ಜೊತೆ ಅದಲುಬದಲು ಮಾಡುತ್ತಾ ಬಂದರೆ ಆಯಿತು. ಕೋಡು ನಾಲ್ಕೇ ಸಾಲು.

ಆ ನಾಲ್ಕು ಸಾಲನ್ನೂ ತಪ್ಪು ಬರೆಯಬಹುದು ಅನ್ನುವುದಕ್ಕೆ 1999ರ ಒಂದು ಪ್ರಸಂಗ ಸಾಕ್ಷಿ. ಒಂದು ಆನ್‌ಲೈನ್ ಪೋಕರ್ ತಂತ್ರಾಂಶದವರು ನಾವು ಎಷ್ಟು ಪ್ರಾಮಾಣಿಕವಾಗಿ ಕಲೆಸುತ್ತೇವೆ ನೋಡಿ ಅಂತ ತಮ್ಮ ಕೋಡನ್ನೇ ಪ್ರಕಟಿಸಿದ್ದರು. ಅಮೆರಿಕದ ಕೆಲವು ಭದ್ರತಾ ತಜ್ಞರು ಅದನ್ನು ಓದಿದರು. ಕಲೆಸುವಿಕೆಗೆ ಬೀಜವಾಗಿ ಬಳಸಿದ್ದು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಅನ್ನುವ ಸಂಖ್ಯೆ. ದಿನಕ್ಕೆ ಇರುವುದೇ 8 ಕೋಟಿ 64 ಲಕ್ಷ ಮಿಲಿಸೆಕೆಂಡ್. 52 ಎಲೆಗಳನ್ನು ಜೋಡಿಸುವ ಬಗೆಗಳೋ, 8ರ ಮುಂದೆ 67 ಸೊನ್ನೆ ಹಾಕಿದಷ್ಟು. ತಮ್ಮ ಗಡಿಯಾರವನ್ನು ಸರ್ವರಿನ ಗಡಿಯಾರಕ್ಕೆ ಹೊಂದಿಸಿಕೊಂಡು, ಕಂಡ ನಾಲ್ಕೈದು ಎಲೆಗಳಿಂದ ಉಳಿದ ಎಲ್ಲ ಎಲೆಗಳನ್ನೂ ಅವರು ಹೇಳಿಬಿಟ್ಟರು! ಮೇಜಿನಲ್ಲಿ ಕಲೆಸಿದವನ ಮೇಲೆ ಅನುಮಾನ ಬಂದರೆ 'ಕಟ್ ಮಾಡು' ಅಂತೀವಿ. ಸರ್ವರಿಗೆ ಹಾಗೆ ಹೇಳುವಂತಿಲ್ಲ. ನಂಬಬೇಕು ಅಷ್ಟೇ.

ಡಿಜಿಟಲ್ ರೂಪ ತಂದ ಇನ್ನೂ ಕೆಲವು ಪೇಚುಗಳಿವೆ. ತಪ್ಪಾಗಿ ಒತ್ತಿದ್ದನ್ನು ಹಿಂದಕ್ಕೆ ಪಡೆಯಲು ಬಿಡಬೇಕೇ? ಒತ್ತಿದ ಮೇಲೆ ಹೊಸ ಎಲೆ ಕಂಡುಬಿಟ್ಟಿದ್ದರೆ ಹಿಂದಕ್ಕೆ ಪಡೆಯುವುದು ಮೋಸ. ಅಂಕಗಳ ಲೆಕ್ಕವನ್ನು ತೆರೆಯ ಮೇಲೆ ತೋರಿಸಬೇಕೇ? ಮೇಜಿನಲ್ಲಿ ಎದುರಾಳಿ ಎಷ್ಟು ಕೊಂಡ ಅಂತ ನೆನಪಿಡುವುದೂ ಒಂದು ಜಾಣ್ಮೆ. ಯಂತ್ರವೇ ಎಣಿಸಿಕೊಟ್ಟರೆ ಆ ಜಾಣ್ಮೆಗೆ ಬೆಲೆಯಿಲ್ಲ. ಇದರ ಬಗ್ಗೆ ಆಟಗಾರರಲ್ಲಿ ದೊಡ್ಡ ಜಗಳಗಳೇ ಆಗಿವೆ. ನನ್ನ ಮತ ಎಣಿಸಿಕೊಡುವುದರ ಪರ. ಒಗಟು ಬಿಡಿಸಲು ಬಂದವನಿಗೆ ಮಗ್ಗಿ ಪರೀಕ್ಷೆ ಯಾಕೆ?

ವಿಸ್ತರಣೆಗಳದ್ದು ಇನ್ನೊಂದು ಹೊರೆ. 2009ರ ಇಂಟ್ರೀಗ್‌ನಿಂದ 2024ರ ರೈಸಿಂಗ್ ಸನ್‌ವರೆಗೆ ಹದಿನೈದಕ್ಕೂ ಹೆಚ್ಚು ಬಂದಿವೆ. ಹಳೆಯ ಹುಲಿಗಳಿಗೆ ಹಬ್ಬ, ಹೊಸಬರಿಗೆ ಗೋಡೆ. ಹತ್ತರಲ್ಲಿ ಏಳು ಎಲೆಗಳನ್ನು ಆಗಷ್ಟೇ ಓದಿ ಅರ್ಥ ಮಾಡಿಕೊಳ್ಳುತ್ತಿರುವವನು ಒಗಟು ಬಿಡಿಸುವುದು ಹೇಗೆ?

ಆದರೆ ಎಲ್ಲರೂ ಬೆರಳು ತೋರಿಸುವ ದೋಷ ಬೇರೆಯದು. ಇದು ಇಬ್ಬರು ಅಕ್ಕಪಕ್ಕ ಕೂತು ಒಬ್ಬೊಬ್ಬರೇ ಆಡುವ ಆಟ ಅಂತ. ವಿಚ್ ಥರದ ಕೆಲವು ಎಲೆಗಳನ್ನು ಬಿಟ್ಟರೆ ನಿಮ್ಮ ಕಟ್ಟನ್ನು ನಾನು ಮುಟ್ಟುವುದಿಲ್ಲ, ನನ್ನದನ್ನು ನೀವು ಮುಟ್ಟುವುದಿಲ್ಲ. ನಿಮ್ಮ ಕಟ್ಟು ಚುರುಕಾದರೆ ನೀವು ಒಂದೇ ಸರದಿಯಲ್ಲಿ ಇಪ್ಪತ್ತು ಮೂವತ್ತು ಎಲೆ ಆಡುತ್ತೀರಿ, ನಾನು ಆಕಳಿಸುತ್ತೇನೆ. ಮುಂದೆ ಹೋದವನು ಮುಂದೆಯೇ ಹೋಗುತ್ತಾನೆ, ಹಿಂದೆ ಬಿದ್ದವನಿಗೆ ಹಿಡಿಯಲು ಹಗ್ಗ ಸಿಗುವುದು ಕಷ್ಟ.

ಈ ದೋಷಕ್ಕೆ ನಂತರದವರು ಎರಡು ದಾರಿ ಹುಡುಕಿದರು. ಡೇವಿಡ್ ಸಿರ್ಲಿನ್ 2010ರಲ್ಲಿ ತಂದ 'ಪಝಲ್ ಸ್ಟ್ರೈಕ್' ಇಬ್ಬರನ್ನೂ ಎದುರುಬದುರು ನಿಲ್ಲಿಸಿತು. ವಿಡಿಯೊ ಗೇಮಿನಲ್ಲಿ ಬೀಳುವ ರತ್ನಗಳ ಪಝಲಿನ ಮಾದರಿ ಅದು. ನನ್ನ ರಾಶಿಯ ರತ್ನಗಳನ್ನು ಒಡೆದರೆ ಅವು ನಿಮ್ಮ ರಾಶಿಗೆ ಬೀಳುತ್ತವೆ, ನಿಮ್ಮ ಸರದಿ ಮುಗಿದಾಗ ನಿಮ್ಮ ರಾಶಿ ಹತ್ತು ಮುಟ್ಟಿದ್ದರೆ ನೀವು ಸೋತಿರಿ. ಆದರೆ ರಾಶಿ ಎತ್ತರವಾದಷ್ಟೂ ನಿಮಗೆ ಹೆಚ್ಚು ಬಿಲ್ಲೆ ಎಳೆಯಲು ಸಿಗುತ್ತದೆ. ಮುಳುಗುತ್ತಿರುವವನಿಗೇ ಬಲ! ಎಲೆಗಳ ಬದಲು ರಟ್ಟಿನ ಬಿಲ್ಲೆಗಳು. ಚೀಲಕ್ಕೆ ಹಾಕಿ ಕುಲುಕಿದರೆ ಕಲೆಸಿದಂತೆ.

ಇನ್ನೊಂದು ದಾರಿ ಇದಕ್ಕೆ ಪೂರ್ತಿ ಉಲ್ಟಾ. ಮೆಗಾ ಕ್ರಿಟ್ ಎಂಬ ಪುಟ್ಟ ತಂಡ 2017ರ ನವೆಂಬರಿನಲ್ಲಿ ಆರಂಭಿಕ ರೂಪವಾಗಿಯೂ, 2019ರ ಜನವರಿಯಲ್ಲಿ ಪೂರ್ಣವಾಗಿಯೂ ತಂದ 'ಸ್ಲೇ ದ ಸ್ಪೈರ್' ಎದುರಾಳಿಯನ್ನೇ ತೆಗೆದುಹಾಕಿತು. ಹೇಗೂ ಒಬ್ಬನೇ ಆಡುವ ಆಟ ತಾನೇ, ಒಬ್ಬನೇ ಆಡಲಿ! ಎದುರಿಗಿರುವುದು ಕಂಪ್ಯೂಟರ್ ರಾಕ್ಷಸರು. ಅವರು ಮುಂದಿನ ಸರದಿಯಲ್ಲಿ ಏನು ಮಾಡುತ್ತಾರೆ ಅನ್ನುವುದು ಅವರ ತಲೆಯ ಮೇಲೇ ಬರೆದಿರುತ್ತದೆ. ಆಟ ಪೂರ್ತಿ ಒಗಟಾಯಿತು, ಜಗತ್ತೆಲ್ಲ ಆಡಿತು, ಅದರ ಹಿಂದೆ ನೂರಾರು ಅನುಕರಣೆಗಳೂ ಬಂದವು. ಸ್ಪರ್ಧೆಯ ಆಟದಲ್ಲಿ ದೋಷವಾಗಿದ್ದ ಒಂಟಿತನವೇ ಒಬ್ಬನ ಆಟದಲ್ಲಿ ಗುಣವಾಯಿತು.

ಚರಿತ್ರೆ ಇಲ್ಲಿಗೆ ನಿಂತಿತು. ಈಗ ಅಪ್ಪನ ಪ್ರಶ್ನೆ.

2021ರ ಏಪ್ರಿಲ್, ಮೇ. ಎರಡನೇ ಅಲೆ. ನಮ್ಮ ಆಟ ತಪ್ಪದೆ ನಡೆಯುತ್ತಿತ್ತು. ಆ ದಿನಗಳಲ್ಲಿ ಅವನು ಯಾಕೋ ನಿಧಾನ ಆಡುತ್ತಿದ್ದ, ಸುಲಭದ ತಪ್ಪುಗಳನ್ನೂ ಮಾಡುತ್ತಿದ್ದ. "ಬೇಗ ಆಡೋ ಮಾರಾಯಾ, ನಿದ್ದೆ ಬರ್ತಿದೆ" ಅಂತ ನಾನು ಟೈಪ್ ಮಾಡಿದ್ದು ಚೆನ್ನಾಗಿ ನೆನಪಿದೆ. ಸಾಲಾಗಿ ಗೆದ್ದೆ, ಖುಷಿಪಟ್ಟೆ. ಜೂನಿನಲ್ಲಿ ಒಂದು ದಿನ ಫೋನಿನಲ್ಲಿ ಮಾತಾಡುವಾಗ ಅವನು ಯಾವುದೋ ಮಾತಿಗೆ ಹೇಳಿದ. ಅವನ ಅಪ್ಪ ಹದಿನೇಳು ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರಂತೆ. ಇವನಿಗೆ ಬರುವ ಹಾಗಿರಲಿಲ್ಲ. ಅಣ್ಣ ದಿನಾ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ ಅಂದಿನ ಸುದ್ದಿ ಹೇಳುತ್ತಿದ್ದನಂತೆ. ಆ ಫೋನಿನ ತನಕ ಇವನು ನನ್ನ ಜೊತೆ ಆಡುತ್ತಿದ್ದ.

"ಹೇಳ್ಬಾರ್ದೇನೋ ಮಗಾ?" ಅಂದೆ.

"ಹೇಳಕ್ಕೆ ಆಗ್ತಿರ್ಲಿಲ್ಲ ಕಣೋ. ಕೈಗೇನಾದ್ರೂ ಕೆಲ್ಸ ಬೇಕಿತ್ತು. ನೀನೂ ಕೇಳ್ಲಿಲ್ಲ, ಒಳ್ಳೇದೇ ಆಯ್ತು."

ಆ ಕೊನೆಯ ಮಾತನ್ನು ಅವನು ಸಮಾಧಾನಕ್ಕೇ ಹೇಳಿದ್ದು, ಆದರೆ ನನಗೆ ಚುಚ್ಚಿತು. ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಹದಿನೇಳು ರಾತ್ರಿ ಎದುರುಬದುರು ಕೂತು ಅವನ ಕಟ್ಟಿನಲ್ಲಿ ಎಷ್ಟು ಗೋಲ್ಡ್ ಇದೆ ಅಂತ ಎಣಿಸುತ್ತಿದ್ದೆ, ಅವನು ಯಾಕೆ ತಪ್ಪು ಆಡುತ್ತಿದ್ದಾನೆ ಅಂತ ಒಂದು ಸಲವೂ ಯೋಚಿಸಲಿಲ್ಲ. ಹೊಸ ಆಟಕ್ಕೂ ಹಳೆಯ ಆಟಕ್ಕೂ ನಡುವೆ ಎರಡು ಸೆಕೆಂಡ್ ಕೂಡ ಇರಲಿಲ್ಲ. ನಾವು ಉಳಿಸಿದ ಸಮಯವೆಲ್ಲ ಮತ್ತೊಂದು ಆಟಕ್ಕೇ ಹೋಯಿತು.

ಆಟವನ್ನು ದೂರುವುದು ಸರಿಯೋ? ಅವನ ದೃಷ್ಟಿಯಿಂದ ನೋಡಿದರೆ ಎಲ್ಲರೂ ದೋಷ ಅನ್ನುವ ಗುಣವೇ ಆ ದಿನಗಳಲ್ಲಿ ಅವನ ಕೈಹಿಡಿದಿತ್ತು. ಮಾತಿಲ್ಲದೆ ಜೊತೆಗಿರಬಹುದಾದ ಜಾಗ ಅದೊಂದೇ ಇತ್ತು. ಮಾತೇ ಬೇಕಿದ್ದರೆ ನಾನು ಫೋನ್ ಮಾಡಬಹುದಿತ್ತಲ್ಲ, ಯಾವ ಸರ್ವರೂ ತಡೆದಿರಲಿಲ್ಲ. ಇದೆಲ್ಲ ಗೊತ್ತಿದ್ದೂ ಗುಣದೋಷದ ಪಟ್ಟಿಯಲ್ಲಿ 'ಎಲೆ ಕಲೆಸುವ ಹೊತ್ತು ಇಲ್ಲ' ಅನ್ನುವುದನ್ನು ಯಾವ ಕಡೆ ಬರೆಯಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಮೊದಲಾಗಿದ್ದರೆ ಕಣ್ಣು ಮುಚ್ಚಿ ಗುಣದ ಕಡೆ ಬರೆಯುತ್ತಿದ್ದೆ.

2023ರ ಡಿಸೆಂಬರಿನಲ್ಲಿ ಅವನು ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಜರ್ಮನ್ ಭಾಷೆಯ ಡೊಮಿನಿಯನ್ ಪೆಟ್ಟಿಗೆ ಇತ್ತು. ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದಂತೆ. ತಿಪಟೂರಿನ ನಮ್ಮ ಮನೆಯ ಹಜಾರದಲ್ಲಿ ಜಮಖಾನ ಹಾಸಿ ಮೂವರು ಕೂತೆವು. ಮೂರನೆಯವರು ಅಪ್ಪ. ಎಲೆಗಳ ಮೇಲಿನ ಜರ್ಮನ್ ಓದಿ ಅನುವಾದ ಮಾಡುವುದರಲ್ಲೇ ಅರ್ಧ ಗಂಟೆ ಹೋಯಿತು. ಎರಡನೇ ಸರದಿ ಮುಗಿದು ಮೊದಲ ಸಲ ಕಲೆಸುವಾಗ ನಾವಿಬ್ಬರೂ ಪೆದ್ದುಪೆದ್ದಾಗಿ ಎಲೆ ಬೀಳಿಸಿಕೊಂಡೆವು. ಮುನ್ನೂರು ಆಟ ಆಡಿದವರು, ಒಂದು ಸಲವೂ ಕಲೆಸಿ ಗೊತ್ತಿಲ್ಲ! ಅಪ್ಪ ನಮ್ಮ ಎಲೆಗಳನ್ನೂ ತೆಗೆದುಕೊಂಡು, ಬೇರೆ ಬೇರೆಯಾಗೇ ಇಟ್ಟು, ಒಂದೊಂದು ಕಟ್ಟನ್ನೂ ನಿಧಾನವಾಗಿ ಕಲೆಸುತ್ತಾ, ತಲೆ ಎತ್ತದೆ ಅವನನ್ನು ಕೇಳಿದರು. "ಅಪ್ಪ ಈಗ ಹೆಂಗಿದಾರಪ್ಪಾ? ಉಸಿರಾಟ ಪೂರ್ತಿ ಸರಿಹೋಯ್ತಾ?"

ಅವನು ಹೇಳತೊಡಗಿದ. ಆಟ ಅರ್ಧಕ್ಕೇ ನಿಂತಿತು. ನಾನು ಅವತ್ತು ಕೇಳಿದ ಹಲವು ವಿಷಯಗಳು ನನಗೆ ಹೊಸವು.

ನಾವು ಈಗಲೂ ವಾರಕ್ಕೆರಡು ಸಲ ಆನ್‌ಲೈನ್ ಆಡುತ್ತೇವೆ. ಆಟ ಒಳ್ಳೆಯದು, ಬಿಡುವ ಯೋಚನೆ ಇಲ್ಲ. ನೀವೂ ಒಮ್ಮೆ ಆಡಿ ನೋಡಿ, ಚಾಪೆಲ್ ಕಂಡರೆ ನಗಬೇಡಿ. ನಾವು ಮಾಡಿಕೊಂಡಿರುವ ಬದಲಾವಣೆ ಒಂದೇ. ಒಂದು ಆಟ ಮುಗಿದು ಇನ್ನೊಂದು ಶುರು ಮಾಡುವ ಮೊದಲು ಐದು ನಿಮಿಷ ಬಿಡುತ್ತೇವೆ. ಫೋನ್ ಸ್ಪೀಕರಿನಲ್ಲಿರುತ್ತದೆ. ಅದಕ್ಕೆ ನಾವಿಟ್ಟ ಹೆಸರು 'ಕಲೆಸೋದು'.

ನಿಮ್ಮ ಮನೆಗಳಲ್ಲಿ ಇಸ್ಪೀಟು ಕಲೆಸುವ ಹೊತ್ತಿನಲ್ಲಿ ಕೇಳಿಸಿಕೊಂಡ ಮಾತುಗಳಿದ್ದರೆ ಬರೆಯಿರಿ, ಓದುವ ಆಸೆಯಿದೆ.